ಮಿಣಿಯ ಎರಡು ತುದಿಗಳು

ವಾಚಕರೆ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ರೇಡಿಯೋ ಪೆಟ್ಟಿಗೆಯೊಂದು ಉಳಿದಿದ್ದರೆ, ವಿದ್ಯುತ್ತಿನ ತಂತಿಯನ್ನು ಕಳಚಿಟ್ಟು, ಅದರ ಹಿಂಬದಿಯ ಹಲಗೆಯನ್ನು ತೆಗೆದು ಒಮ್ಮೆ ನೋಡಿರಿ. ಕೇಂದ್ರವನ್ನು ಹುಡುಕುವ ಗುಂಡಿಯ ದಿಂಡಿಗೆ ಸುತ್ತಿದ ಒಂದು ಸಣ್ಣ ದಾರ ಅಲ್ಲಿ ಕಾಣುತ್ತದೆ. ಅದು ಎರಡು ಮೂರು ಪುಟ್ಟ ಗಾಲಿಗಳ ಮೇಲೆ ಹಾಯ್ದು, ಮುಂಬದಿಯ ಗಾಜಿನ ಹಿಂದೆ ಓಡಾಡುವ ಕೆಂಪು ಮುಳ್ಳಿಗೆ ಹೋಗಿ ಸೇರುತ್ತದೆ. ಒಂದು ಪುಟ್ಟ ಸ್ಪ್ರಿಂಗು ಆ ದಾರವನ್ನು ಸದಾ ಬಿಗಿಯಾಗಿ ಹಿಡಿದಿರುತ್ತದೆ. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಎಷ್ಟೋ ಮನೆಗಳಲ್ಲಿ ಸಂಜೆಯ ವಾರ್ತೆಯೂ ಹಾಡೂ ಈ ದಾರದ ಬಿಗಿಯನ್ನೇ ನಂಬಿಕೊಂಡಿದ್ದವು. ದಾರ ಸಡಿಲವಾಯಿತೆಂದರೆ ಗುಂಡಿ ತಿರುಗುತ್ತಿತ್ತು, ಮುಳ್ಳು ಮಾತ್ರ ಅಲುಗುತ್ತಿರಲಿಲ್ಲ. ಧಾರವಾಡವನ್ನು ಹುಡುಕುವವರಿಗೆ ಗೊರಗೊರ ಸದ್ದೇ ಗತಿ.

ಒಂದಕ್ಕೊಂದು ಕಟ್ಟಿದ ವಸ್ತುಗಳು ಹೇಗೆ ಚಲಿಸುತ್ತವೆ, ನಡುವಿನ ಹಗ್ಗ ಎಷ್ಟು ಭಾರವನ್ನು ತಾಳುತ್ತದೆ ಎಂಬುದು ಭೌತವಿಜ್ಞಾನದ ಒಂದು ಪಾಠ. ನಾನು ಕನ್ನಡ ಪಂಡಿತ. ಆ ಪಾಠ ನನ್ನದಲ್ಲ. ಆದರೂ ವಿಜ್ಞಾನದ ಮಾಸ್ತರು ರಜೆಯ ಮೇಲಿದ್ದ ಒಂದು ದಿನ ಅವರ ತರಗತಿಯನ್ನು ನೋಡಿಕೊಳ್ಳಬೇಕಾಗಿ ಬಂದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಕರ್ಷಣ ಅಂದ್ರ ಏನ್ರೀ?" ಎಂದು ಕೇಳಿದಳು. ವಿಜ್ಞಾನದ ಪ್ರಶ್ನೆಯೆಂದು ನಾನು ಜಾರಿಕೊಳ್ಳಬಹುದಾಗಿತ್ತು. ಆದರೆ ಅದು ಶಬ್ದದ ಪ್ರಶ್ನೆಯೂ ಆಗಿದ್ದುದರಿಂದ ಪಂಡಿತನಾದವನಿಗೆ ಜಾರಲು ದಾರಿಯಿರಲಿಲ್ಲ.

ಸಂಸ್ಕೃತದಲ್ಲಿ 'ಕೃಷ್' ಎಂಬ ಧಾತುವಿಗೆ ಎಳೆಯುವುದು, ಉಳುವುದು ಎಂದು ಅರ್ಥ. ಹೊಲದಲ್ಲಿ ನೇಗಿಲನ್ನು ಎಳೆಯುವುದರಿಂದ 'ಕೃಷಿ' ಬಂದಿತು. ಹಗ್ಗದಲ್ಲಿ ಹರಿಯುವ ಎಳೆತಕ್ಕೆ ಪಠ್ಯಪುಸ್ತಕದವರು 'ಕರ್ಷಣ' ಎಂದರು. ವೇಗವು ಕ್ಷಣಕ್ಷಣಕ್ಕೂ ಏರುವುದಕ್ಕೆ 'ವೇಗೋತ್ಕರ್ಷ' ಎಂದು ಹೆಸರಿಟ್ಟರು. ಅದರೊಳಗಿನ 'ಉತ್ಕರ್ಷ'ವೂ ಅದೇ ಧಾತುವಿನ ಕೂಸು. ಹೀಗೆ ಒಕ್ಕಲುತನವೂ, ಹಗ್ಗದ ಬಿಗಿತವೂ, ವೇಗದ ಏರಿಕೆಯೂ ಒಂದೇ ಬೇರಿನ ಮೂರು ಕೊಂಬೆಗಳಾದವು. ನಮ್ಮ ಕನ್ನಡವೇನೂ ಹಿಂದೆ ಬಿದ್ದಿಲ್ಲ. ನೂಲಿನ ಒಂದು ತಂತುವಿಗೆ 'ಎಳೆ' ಎನ್ನುತ್ತೇವೆ, ಸೆಳೆಯುವ ಕ್ರಿಯೆಗೂ 'ಎಳೆ' ಎನ್ನುತ್ತೇವೆ. ನಮ್ಮ ಕಡೆಯ ಆಡುಮಾತಿನಲ್ಲಿ ಅದು 'ಜಗ್ಗು' ಆಗುತ್ತದೆ.

ಜಗ್ಗುವುದೆಂದೊಡನೆ ಹುಡುಗರಿಗೆ ಹಗ್ಗಜಗ್ಗಾಟ ನೆನಪಾಯಿತು. ಅದನ್ನೇ ಹಿಡಿದು ಒಂದು ಪ್ರಶ್ನೆ ಹಾಕಿದೆ: ಈ ಕಡೆಯವರು ನೂರು ಕಿಲೋ ಭಾರದಷ್ಟು ಬಲದಿಂದ ಜಗ್ಗುತ್ತಾರೆ, ಆ ಕಡೆಯವರೂ ಅಷ್ಟೇ ಬಲದಿಂದ ಜಗ್ಗುತ್ತಾರೆ, ಹಗ್ಗ ಅಲುಗುವುದಿಲ್ಲ, ಹಾಗಾದರೆ ಹಗ್ಗದಲ್ಲಿರುವ ಬಿಗಿತ ಎಷ್ಟು? ತರಗತಿಯೆಲ್ಲ ಒಕ್ಕೊರಲಿನಿಂದ "ಇನ್ನೂರು" ಎಂದಿತು. ನೀವೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡಿದ್ದರೆ ನಾಚಬೇಕಾದುದಿಲ್ಲ. ಉತ್ತರ ನೂರು. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ನೂರು ಕಿಲೋ ಬಲದಿಂದ ಜಗ್ಗಿದರೆ, ಆ ಸರಳೂ ಅಷ್ಟೇ ಬಲದಿಂದ ಹಗ್ಗವನ್ನು ತನ್ನ ಕಡೆಗೆ ಹಿಡಿದುಕೊಳ್ಳುತ್ತದೆ. ಎದುರಿನವರು ಆ ಸರಳಿನ ಜಾಗದಲ್ಲಿ ನಿಂತಿದ್ದಾರೆ, ಅಷ್ಟೆ. ಹಗ್ಗದ ಸ್ವಂತ ತೂಕವನ್ನೂ ಗಾಲಿಯ ತಿಕ್ಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಬಿಗಿಯಾದ ಒಂದು ಹಗ್ಗದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬಿಗಿತ ಒಂದೇ. ಈ ಒಂದು ಮಾತನ್ನು ನೆನಪಿನಲ್ಲಿಡಿರಿ. ಈ ಬರಹದ ಉಳಿದ ಭಾಗವೆಲ್ಲ ಅದರ ಮೇಲೆಯೇ ನಿಂತಿದೆ.

ಈಗ ನಮ್ಮ ಸೀಮೆಯ ಕಡೆಗೆ ಬರೋಣ. ೧೯೯೭ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಈ ನಾಲ್ಕೂ ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದವು. ಪಶ್ಚಿಮಕ್ಕೆ ಮಲೆನಾಡಿನ ಸೆರಗು, ಪೂರ್ವಕ್ಕೆ ಎರೆಯ ಬಯಲು. ಹಾನಗಲ್ಲು, ಹಿರೇಕೆರೂರುಗಳು ಕೆರೆಗಳ ಸೀಮೆ. ಕುಮುದ್ವತಿ ನದಿಗೆ ಕಟ್ಟಿದ ಮಾಸೂರಿನ ಮದಗದ ಕೆರೆ ವಿಜಯನಗರದ ಕಾಲದ ದೊಡ್ಡ ಕೆಲಸ. ಕೆರೆಯ ನೀರಿನ ಗುಣವೇನೆಂದರೆ, ತೂಬು ಎತ್ತಿದರೆ ಅದು ತಾನಾಗಿ ಇಳಿದು ಗದ್ದೆಗೆ ಬರುತ್ತದೆ. ಬಾವಿಯ ನೀರು ಹಾಗಲ್ಲ, ಅದನ್ನು ಹತ್ತಿಸಬೇಕು. ಸವಣೂರಿನ ಎಲೆಬಳ್ಳಿಯ ತೋಟಗಳಂಥ ಕಡೆ ಈ ಹತ್ತಿಸುವ ಕೆಲಸ ತಪ್ಪುವಂತಿರಲಿಲ್ಲ. ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಸವಣೂರು ನವಾಬರ ಒಂದು ಪುಟ್ಟ ಸಂಸ್ಥಾನವಾಗಿತ್ತು. ಆ ಊರಿನ ವೀಳ್ಯದೆಲೆಯ ಹೆಸರು ಸಂಸ್ಥಾನದ ಗಡಿಗಿಂತ ಬಹು ದೂರಕ್ಕೆ ಹಬ್ಬಿತ್ತು. ಎಲೆಬಳ್ಳಿ ಬಲು ಸೂಕ್ಷ್ಮ; ಬೇಸಗೆಯಲ್ಲಿ ನೀರು ತಪ್ಪಿದರೆ ಉಳಿಯದು. ಕೆರೆ ಬತ್ತಿದ ದಿನಗಳಲ್ಲಿ ತೋಟವನ್ನು ಉಳಿಸುತ್ತಿದ್ದುದು ಬಾವಿ, ಮತ್ತು ಬಾವಿಯ ಮೇಲಿನ ಕಪಿಲೆ.

ಇಂದಿನ ಮಕ್ಕಳು ಕಪಿಲೆಯನ್ನು ನೋಡಿಲ್ಲವಾದ್ದರಿಂದ ಅದರ ರಚನೆಯನ್ನು ಹೇಳಬೇಕು. ಬಾವಿಯ ಅಂಚಿನಲ್ಲಿ ಎರಡು ಕಂಬ ನೆಟ್ಟು, ನಡುವೆ ಎತ್ತರದಲ್ಲಿ ಒಂದು ಗಾಲಿಯನ್ನು ಕೂರಿಸುತ್ತಿದ್ದರು. ಅದರ ಕೆಳಗೆ, ಬಾವಿಯ ಬಾಯಿಯ ಮಟ್ಟದಲ್ಲಿ, ಉದ್ದನೆಯ ಒಂದು ಉರುಳೆ. ನೀರೆತ್ತಲು ತೊಗಲಿನ ದೊಡ್ಡ ಚೀಲ. ಆ ಚೀಲದ ತಳಕ್ಕೆ ಆನೆಯ ಸೊಂಡಿಲಿನಂತೆ ಎರಡೂ ಕಡೆ ತೆರೆದ ಒಂದು ತೊಗಲ ಕೊಳವೆ ಹೊಲಿದಿರುತ್ತಿತ್ತು. ಚೀಲದ ಬಾಯಿಯ ಬಳೆಗೆ ಕಟ್ಟಿದ ದಪ್ಪ ಮಿಣಿ ಮೇಲಿನ ಗಾಲಿಯ ಮೇಲೆ ಹಾಯುತ್ತಿತ್ತು. ಸೊಂಡಿಲಿನ ತುದಿಗೆ ಕಟ್ಟಿದ ತೆಳು ಹುರಿ ಕೆಳಗಿನ ಉರುಳೆಯ ಮೇಲೆ ಹಾಯುತ್ತಿತ್ತು. ಎರಡೂ ಹೋಗಿ ಒಂದೇ ನೊಗಕ್ಕೆ ಸೇರುತ್ತಿದ್ದವು. ನೊಗದ ಕೆಳಗೆ ಒಂದು ಜೋಡಿ ಎತ್ತು. ಎತ್ತುಗಳು ನಡೆಯಲು ಬಾವಿಯಿಂದ ಆಚೆಗೆ ಇಳಿಜಾರಾಗಿ ಅಗೆದ ದಾರಿ.

ಇದರಲ್ಲಿರುವ ಜಾಣ್ಮೆಯನ್ನು ನೋಡಿರಿ. ಎರಡು ಹಗ್ಗಗಳೂ ಒಂದೇ ನೊಗಕ್ಕೆ ಸೇರಿರುವುದರಿಂದ, ಎತ್ತು ಒಂದು ಮೊಳ ನಡೆದರೆ ಚೀಲವೂ ಒಂದು ಮೊಳ ಏರಬೇಕು, ಸೊಂಡಿಲೂ ಒಂದು ಮೊಳ ಏರಬೇಕು. ತೆಳು ಹುರಿಯ ಉದ್ದವನ್ನು ಅಳತೆಯಿಂದ ಕಟ್ಟಿರುತ್ತಿದ್ದುದರಿಂದ ಬಾವಿಯೊಳಗೆ ಏರುವಾಗ ಸೊಂಡಿಲಿನ ತುದಿ ಚೀಲದ ಬಾಯಿಯ ಮಟ್ಟದಲ್ಲಿಯೇ ಮಡಿಸಿಕೊಂಡು ನಿಂತಿರುತ್ತಿತ್ತು. ಹನಿ ನೀರೂ ಚೆಲ್ಲುತ್ತಿರಲಿಲ್ಲ. ಬಾವಿಯ ಬಾಯಿಗೆ ಬಂದೊಡನೆ ಸೊಂಡಿಲು ಕೆಳಗಿನ ಉರುಳೆಯ ಮೇಲೆ ಹೊರಳಿ ಕಲ್ಲಿನ ದೋಣಿಯ ಕಡೆಗೆ ಚಾಚುತ್ತಿತ್ತು. ಚೀಲ ಮಾತ್ರ ಇನ್ನೂ ಮೇಲಿನ ಗಾಲಿಯ ಕಡೆಗೆ ಏರುತ್ತಿತ್ತು. ಸೊಂಡಿಲು ಕೆಳಗಾಯಿತು, ಚೀಲ ಮೇಲಾಯಿತು. ನೀರು ದಬದಬನೆ ದೋಣಿಗೆ ಸುರಿದು ಕಾಲುವೆಯಲ್ಲಿ ಹರಿದುಹೋಗುತ್ತಿತ್ತು. ಚೀಲವನ್ನು ಬಗ್ಗಿಸಲು ಬಾವಿಯ ದಡದಲ್ಲಿ ಇನ್ನೊಬ್ಬ ಆಳು ಬೇಕಾಗಿರಲಿಲ್ಲ. ಒಬ್ಬ ಮನುಷ್ಯ, ಎರಡು ಎತ್ತು, ಎರಡು ಹಗ್ಗ.

ಇದು ಸಣ್ಣ ಮಾತಲ್ಲವೆಂಬುದಕ್ಕೆ ಇತಿಹಾಸದಲ್ಲಿ ಒಂದು ಹೋಲಿಕೆ ಉಂಟು. ೧೫೨೬ರಲ್ಲಿ ಪಾಣಿಪತ್ತಿನಲ್ಲಿ ಗೆದ್ದ ಬಾಬರನು ತನ್ನ ಆತ್ಮಕಥೆಯಲ್ಲಿ ಹಿಂದೂಸ್ಥಾನದ ಬಾವಿಗಳನ್ನು ವರ್ಣಿಸಿದ್ದಾನೆ. ಆಗ್ರಾ ಕಡೆಯಲ್ಲಿ ಅವನು ಕಂಡುದು ಗಾಲಿ, ಹಗ್ಗ, ದೊಡ್ಡ ಚೀಲ, ಎಳೆಯುವ ಎತ್ತು. ಎತ್ತನ್ನು ಹೊಡೆಯಲು ಒಬ್ಬ, ಚೀಲವನ್ನು ಬರಿದುಮಾಡಲು ಮತ್ತೊಬ್ಬ ಅಲ್ಲಿ ಬೇಕಾಗಿತ್ತು. ಹಗ್ಗವು ಎತ್ತು ನಡೆಯುವ ದಾರಿಯ ಸೆಗಣಿ ಗಂಜಳಗಳಲ್ಲಿ ಹೊರಳಿ ಮತ್ತೆ ಬಾವಿಗಿಳಿಯುತ್ತದೆಂದು ಅವನು ಹೇಸಿಕೊಂಡು ಬರೆದಿದ್ದಾನೆ. ನಮ್ಮ ಕಪಿಲೆಯಲ್ಲಿ ಎತ್ತುಗಳು ತಿರುಗಿ ಬರುತ್ತಿರಲಿಲ್ಲ. ನೊಗ ಹೊತ್ತಂತೆಯೇ ಹಿಂದಡಿಯಿಟ್ಟು ದಿಬ್ಬವೇರುತ್ತಿದ್ದವು. ಎತ್ತಿಗೆ ಹಿಂದಕ್ಕೆ ನಡೆಯುವುದನ್ನು ಕಲಿಸುವುದು ತಿಂಗಳುಗಳ ಕೆಲಸ. ಅದನ್ನು ಕಲಿತ ಜೋಡಿಗೆ ಸಂತೆಯಲ್ಲಿ ಬೇರೆಯೇ ಬೆಲೆ.

ಇನ್ನು ಆ ಇಳಿಜಾರಿನ ಗುಟ್ಟನ್ನು ನೋಡೋಣ. ಲೆಕ್ಕಕ್ಕೆಂದು ನೀರು ತುಂಬಿದ ಚೀಲದ ತೂಕ ೧೫೦ ಕಿಲೋ ಎಂದಿಟ್ಟುಕೊಳ್ಳಿರಿ. ಎತ್ತಿನ ಜೋಡಿಯ ತೂಕ ೭೦೦ ಕಿಲೋ. ದಾರಿ ಏಳು ಅಡಿ ಸಾಗಿದರೆ ಒಂದು ಅಡಿ ಇಳಿಯುತ್ತದೆ. ಅಂಥ ಇಳಿಜಾರಿನಲ್ಲಿ ಎತ್ತುಗಳ ತೂಕದ ಏಳನೆಯ ಒಂದು ಪಾಲು, ಅಂದರೆ ೧೦೦ ಕಿಲೋ ಭಾರದಷ್ಟು ಬಲ, ತಾನಾಗಿಯೇ ಅವನ್ನು ಕೆಳಕ್ಕೆ ಸೆಳೆಯುತ್ತಿರುತ್ತದೆ. ಉಳಿದ ೫೦ ಕಿಲೋವನ್ನೂ ಗಾಲಿಯ ತಿಕ್ಕಾಟವನ್ನೂ ಮಾತ್ರ ಅವು ಕಾಲಿನ ಬಲದಿಂದ ಕೊಟ್ಟರೆ ಸಾಕು. ಸಮನೆಲದಲ್ಲಾದರೆ ೧೫೦ನ್ನೂ ಕಾಲಿನಿಂದಲೇ ಕೊಡಬೇಕಾಗುತ್ತಿತ್ತು. ಹಾಗೆಂದು ಶ್ರಮ ಮಾಯವಾಗಲಿಲ್ಲ. ಖಾಲಿ ಚೀಲ ಇಳಿಯುವಾಗ ಎತ್ತುಗಳು ತಮ್ಮ ಮೈಯನ್ನೇ ದಿಬ್ಬಕ್ಕೆ ಹೊತ್ತುಕೊಂಡು ಹೋಗಬೇಕು. ಎಳೆಯುವಾಗಿನ ಭಾರದ ಒಂದು ಪಾಲನ್ನು ಮರಳುವ ಹೊತ್ತಿಗೆ ಹಂಚಿಕೊಟ್ಟರು, ಅಷ್ಟೆ. ಕೆಲವೆಡೆ ಕಪಿಲೆ ಹೊಡೆಯುವವನು ಇಳಿಯುವಾಗ ಮಿಣಿಯ ಮೇಲೆಯೇ ಕುಳಿತು ತನ್ನ ತೂಕವನ್ನೂ ಎತ್ತುಗಳ ನೆರವಿಗೆ ಕೊಡುತ್ತಿದ್ದನು.

ಇಳಿಜಾರಿನಲ್ಲಿ ತೂಕದ ಎಷ್ಟು ಪಾಲು ಕೆಳಕ್ಕೆ ಸೆಳೆಯುತ್ತದೆಂಬುದನ್ನು ಯುರೋಪಿನಲ್ಲಿ ತರ್ಕದಿಂದ ತೋರಿಸಿದವನು ನೆದರ್ಲೆಂಡ್ಸ್ ಕಡೆಯ ಸೈಮನ್ ಸ್ಟೆವಿನ್. ೧೫೮೬ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ತ್ರಿಕೋನಾಕಾರದ ದಿಮ್ಮಿಯೊಂದಕ್ಕೆ ಮಣಿಸರ ತೊಡಿಸಿದ ಒಂದು ಚಿತ್ರವುಂಟು. ಸರ ತಾನಾಗಿ ಎಂದೆಂದಿಗೂ ಸುತ್ತುತ್ತಿರಲಾರದು. ಆದುದರಿಂದ ಕಡಿದಾದ ಪಕ್ಕದ ಕೆಲವೇ ಮಣಿಗಳೂ ಓರೆಯಾದ ಪಕ್ಕದ ಹೆಚ್ಚು ಮಣಿಗಳೂ ಸರಿದೂಗಲೇಬೇಕು ಎಂಬುದು ಅವನ ವಾದ. ೧೬೩೮ರ ತನ್ನ ಗ್ರಂಥದಲ್ಲಿ ಗೆಲಿಲಿಯೋ ಇಳಿಜಾರಿನ ಮೇಲೆ ಗುಂಡುಗಳನ್ನು ಉರುಳಿಸಿ ವೇಗದ ಏರಿಕೆಯನ್ನು ಅಳೆದುದನ್ನು ಹೇಳಿದನು. ೧೬೮೭ರಲ್ಲಿ ನ್ಯೂಟನ್ ಬಲಕ್ಕೂ ವೇಗೋತ್ಕರ್ಷಕ್ಕೂ ಇರುವ ನಂಟನ್ನು ಸೂತ್ರವಾಗಿ ಕಟ್ಟಿಕೊಟ್ಟನು. ಅದಾದ ಸುಮಾರು ನೂರು ವರ್ಷಕ್ಕೆ, ೧೭೮೪ರಲ್ಲಿ, ಕೇಂಬ್ರಿಡ್ಜಿನ ಜಾರ್ಜ್ ಆಟ್‌ವುಡ್ ಎಂಬ ವಿದ್ವಾಂಸನು ಒಂದು ಗಾಲಿಯ ಮೇಲೆ ದಾರ ಹಾಯಿಸಿ, ಎರಡು ತುದಿಗೂ ತೂಕ ಕಟ್ಟಿ, ಆ ಸೂತ್ರವನ್ನು ಕಣ್ಣಿಗೆ ಕಾಣಿಸುವ ಯಂತ್ರವನ್ನು ವರ್ಣಿಸಿದನು. ಇಂದಿಗೂ ಮಕ್ಕಳಿಗೆ ಆ ಯಂತ್ರದ ಲೆಕ್ಕವನ್ನೇ ಕೊಡುತ್ತಾರೆ.

ಆ ಲೆಕ್ಕ ಹೀಗಿದೆ. ಗಾಲಿಯ ಒಂದು ಕಡೆ ೬ ಕಿಲೋ, ಇನ್ನೊಂದು ಕಡೆ ೪ ಕಿಲೋ. ಕೈಬಿಟ್ಟರೆ ೬ ಇಳಿಯುತ್ತದೆ, ೪ ಏರುತ್ತದೆ. ನಡುವಿನ ದಾರದಲ್ಲಿ ಬಿಗಿತ ಎಷ್ಟು? ಆರೆಂದರೆ ತಪ್ಪು, ಆರು ಕಿಲೋವನ್ನು ಪೂರ್ತಿಯಾಗಿ ಹಿಡಿದಿದ್ದರೆ ಅದು ಇಳಿಯಲು ತೊಡಗುತ್ತಲೇ ಇರಲಿಲ್ಲ. ನಾಲ್ಕೆಂದರೂ ತಪ್ಪು, ನಾಲ್ಕು ಕಿಲೋವನ್ನು ಅಷ್ಟೇ ಬಲದಿಂದ ಹಿಡಿದಿದ್ದರೆ ಅದು ಏರಲು ತೊಡಗುತ್ತಲೇ ಇರಲಿಲ್ಲ. ಎರಡನ್ನೂ ಎಳೆದುಕೊಂಡು ಹೋಗುವ ಬಲ ಎರಡರ ಅಂತರ, ಅಂದರೆ ೨. ಆ ಬಲ ಚಲಿಸಬೇಕಾದುದು ಒಟ್ಟು ೧೦ ಕಿಲೋ ವಸ್ತುವನ್ನು. ಆದುದರಿಂದ ತಡೆಯಿಲ್ಲದೆ ಬೀಳುವ ಕಲ್ಲಿನ ವೇಗೋತ್ಕರ್ಷದ ಐದನೆಯ ಒಂದು ಪಾಲು ಇವುಗಳದು. ಆಗ ದಾರದ ಬಿಗಿತ ೪.೮ ಕಿಲೋ ಭಾರದಷ್ಟು. ನಾಲ್ಕನ್ನು ಹಿಡಿದು ನಿಲ್ಲಿಸಲು ೪, ಅದರ ವೇಗವನ್ನು ಏರಿಸಲು ಇನ್ನೂ ೦.೮. ಇದರಿಂದ ಕಲಿಯಬೇಕಾದ ಪಾಠ ಒಂದು: ಹಗ್ಗಕ್ಕೆ ಬೀಳುವ ಹೊರೆ ಕಟ್ಟಿದ ವಸ್ತುವಿನ ತೂಕದಿಂದ ಮಾತ್ರ ತೀರ್ಮಾನವಾಗುವುದಿಲ್ಲ, ಆ ವಸ್ತುವನ್ನು ಎಷ್ಟು ಅವಸರದಿಂದ ಹೊರಡಿಸುತ್ತೀರಿ ಎಂಬುದರಿಂದಲೂ ಆಗುತ್ತದೆ.

ಇದು ಪ್ರಯೋಗಶಾಲೆಯ ಮಾತೆಂದು ತಿಳಿಯಬೇಡಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿದ್ದಿತು. ಸವಣೂರಿಗೆ ಹೋಗುವವರು ಯಲವಿಗಿ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಅಲ್ಲಿ ಕುಳಿತು ಗೂಡ್ಸ್ ಗಾಡಿ ಹೊರಡುವುದನ್ನು ಕೇಳಿದವರಿಗೆ ನೆನಪಿರಬಹುದು: ಎಂಜಿನ್ನಿನ ಬಳಿಯಿಂದ ಹಿಂದಿನ ಡಬ್ಬಿಯವರೆಗೆ ಟಣ್, ಟಣ್ ಎಂಬ ಸದ್ದು ಸಾಲಾಗಿ ಓಡುತ್ತದೆ. ಒಂದೊಂದು ಕೊಂಡಿಯ ಸಡಿಲವೂ ತುಂಬಿ ಬಿಗಿಯಾಗುವ ಸದ್ದದು. ಒಂದೇ ತೂಕದ ಮೂರು ಡಬ್ಬಿಗಳಿದ್ದರೆ ಹೊರಡುವಾಗ ಎಂಜಿನ್ನಿಗೆ ಹತ್ತಿರದ ಕೊಂಡಿಗೆ ಮೂರು ಪಾಲು ಬಿಗಿತ, ನಡುವಿನದಕ್ಕೆ ಎರಡು, ಕೊನೆಯದಕ್ಕೆ ಒಂದು. ಚಾಲಕ ಅವಸರಪಟ್ಟು ಒಮ್ಮೆಗೇ ಎಳೆದರೆ ಹರಿಯುವ ಭಯ ಮೊದಲ ಕೊಂಡಿಗಳಿಗೇ ಹೆಚ್ಚು. ಆದುದರಿಂದಲೇ ಬಲ್ಲ ಚಾಲಕನು ಸಡಿಲವನ್ನೆಲ್ಲ ಮೆಲ್ಲಗೆ ತುಂಬಿಕೊಂಡು ಆಮೇಲೆ ಬಲ ಹಾಕುತ್ತಾನೆ.

ನಾನು ಈ ಮಾತನ್ನು ಮೊದಲು ಕೇಳಿದ್ದು ಪುಸ್ತಕದಲ್ಲಿಯೂ ಅಲ್ಲ, ರೈಲು ನಿಲ್ದಾಣದಲ್ಲಿಯೂ ಅಲ್ಲ. ನನ್ನ ಅಜ್ಜನ ತೋಟದಲ್ಲಿ. ೧೯೭೮ರ ಸುಮಾರಿಗೆ ಆ ಬಾವಿಯ ಮೇಲೆ ಕಪಿಲೆ ಇನ್ನೂ ಇತ್ತು. ಬಹುಶಃ ಆ ಸುತ್ತಿನಲ್ಲಿ ಅದೇ ಕೊನೆಯದು. ಒಂದು ಬೆಳಿಗ್ಗೆ ಚೀಲದ ಹೊಲಿಗೆ ಬಿಚ್ಚಿಕೊಂಡಿತು. ಊರಿನ ತೊಗಲು ಕೆಲಸದ ಹಿರಿಯರೊಬ್ಬರು ಬಂದು, ಬಾವಿಯ ಕಟ್ಟೆಯಿಂದ ಹತ್ತು ಮಾರು ದೂರದ ಮರದಡಿಯಲ್ಲಿ ಕುಳಿತು, ಬಾರು ಪೋಣಿಸಿ ಹೊಲಿದರು. ಮುಗಿದ ಮೇಲೆ ಅಂಗೈಯಿಂದ ಹೊಲಿಗೆಯನ್ನು ಒತ್ತಿ ನೋಡಿ, ಅಜ್ಜನ ಕಡೆಗೆ ತಿರುಗಿ ಅಂದರು: "ಹೊಲಿಗಿ ಗಟ್ಟಿ ಐತ್ರೀ ಗೌಡ್ರ. ಆದ್ರ ಎತ್ತಿನ್ನ ಬೆದರಿಸಿ ಒಮ್ಮಿಗೇ ಜಗ್ಗಿಸಬ್ಯಾಡ್ರಿ. ತೊಗಲು ಭಾರಕ್ಕ ಹರಿಯೂದಿಲ್ರೀ, ಝಟಕಾಕ್ಕ ಹರೀತೈತಿ. ಮೊದಲು ಮಿಣಿ ಬಿಗಿ ಆಗ್ಲಿ, ಆಮ್ಯಾಲೆ ನಡಸ್ರಿ."

ಆ ಮಾತಿಗೆ ಲೆಕ್ಕ ಹಾಕಿ ನೋಡೋಣ. ೧೫೦ ಕಿಲೋ ತೂಕದ ಚೀಲ ಒಂದೇ ಸಮನಾದ ವೇಗದಲ್ಲಿ ಏರುತ್ತಿರುವಾಗ ಮಿಣಿಯ ಬಿಗಿತವೂ ೧೫೦ ಕಿಲೋ ಭಾರದಷ್ಟೇ. ನಿಂತ ಚೀಲವನ್ನು ಸೆಕೆಂಡಿಗೆ ಒಂದು ಮೀಟರ್ ವೇಗಕ್ಕೆ ಅರ್ಧ ಸೆಕೆಂಡಿನಲ್ಲಿ ತಂದರೆ ಬಿಗಿತ ಸುಮಾರು ೧೮೦ಕ್ಕೆ ಏರುತ್ತದೆ. ಮಿಣಿ ಸಡಿಲವಾಗಿದ್ದು, ಎತ್ತುಗಳು ಆಗಲೇ ಅದೇ ವೇಗದಲ್ಲಿ ನಡೆಯುತ್ತಿದ್ದು, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಚೀಲ ಆ ವೇಗವನ್ನು ಹಿಡಿಯಬೇಕಾಗಿ ಬಂದರೆ ಬಿಗಿತ ೩೦೦ನ್ನು ಮೀರುತ್ತದೆ. ಅದೇ ಚೀಲ, ಅದೇ ನೀರು, ಹೊರೆ ಇಮ್ಮಡಿ. ಮಿಣಿ ಹರಿದರೆ ಚೀಲ ಬಾವಿಯ ಪಾಲು, ಮುಂದಕ್ಕೆ ವಾಲಿದ ಎತ್ತು ಇಳಿಜಾರಿನಲ್ಲಿ ಮುಗ್ಗರಿಸಿ ಕಾಲು ಮುರಿದುಕೊಳ್ಳುವ ಭಯ. ಒಂದು ಒಕ್ಕಲ ಮನೆತನಕ್ಕೆ ಅದು ಒಂದು ವರ್ಷದ ಬದುಕಿನ ಪ್ರಶ್ನೆ. ಆಟ್‌ವುಡ್ ಪಂಡಿತನು ಗಾಲಿಯ ಮೇಲೆ ತೂಗಿ ತೋರಿಸಿದ ಸತ್ಯವನ್ನು ಆ ಹಿರಿಯರು ಬೆರಳ ತುದಿಯಲ್ಲಿ ಬಲ್ಲವರಾಗಿದ್ದರು.

ಅಂದು ನಡೆದ ಇನ್ನೊಂದು ಸಂಗತಿಯನ್ನೂ ಮುಚ್ಚಿಡಲಾರೆ. ಕೆಲಸ ಮುಗಿದ ಮೇಲೆ ಅವರು ನೀರು ಕೇಳಿದರು. ಕಪಿಲೆ ಆಗಲೇ ನಡೆಯತೊಡಗಿತ್ತು. ಅವರೇ ಹೊಲಿದ ಚೀಲದಿಂದ ಕಲ್ಲಿನ ದೋಣಿಗೆ ನೀರು ಧುಮುಕುತ್ತಿತ್ತು. ಅವರು ದೋಣಿಯ ಬಳಿಗೆ ಬರಲಿಲ್ಲ. ದೂರದಲ್ಲಿಯೇ ಬಗ್ಗಿ ಬೊಗಸೆಯೊಡ್ಡಿದರು. ಅಜ್ಜ ತಂಬಿಗೆಯಿಂದ, ಕೈಗೆ ಕೈ ತಾಕದಂತೆ, ಎತ್ತರದಿಂದ ಸುರಿದರು. ಅಜ್ಜ ಕೆಟ್ಟವರಾಗಿರಲಿಲ್ಲ; ಊರಿನವರೆಲ್ಲ ಮಾಡುತ್ತಿದ್ದುದನ್ನೇ ಅವರೂ ಮಾಡಿದರು. ನಾನು 'ಯಾಕೆ' ಎಂದು ಕೇಳಲೂ ಇಲ್ಲ. ಬಾಲ್ಯದ ನೆನಪುಗಳಲ್ಲಿ ನನ್ನನ್ನು ಇಂದಿಗೂ ಚುಚ್ಚುವುದು ಆ ಕೇಳದೆ ಹೋದ ಪ್ರಶ್ನೆಯೇ.

ಯೋಚಿಸಿ ನೋಡಿರಿ. ಆ ತೊಗಲನ್ನು ಹದಮಾಡಿದವರು ಅವರು, ಚೀಲ ಹೊಲಿದವರು ಅವರು, ಮಿಣಿ ಹೆಣೆದವರು ಅವರು. ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು ಆಯವಾಗಿ ಸಿಕ್ಕರೆ ಅದೇ ಅವರ ವರ್ಷದ ಕೂಲಿ. ಆ ತೊಗಲಿನಲ್ಲಿ ಏರಿದ ನೀರು ಎಲೆಬಳ್ಳಿಗೆ ಹರಿಯುತ್ತಿತ್ತು. ಆ ಬಳ್ಳಿಯ ಎಲೆ ಮದುವೆಯ ತಟ್ಟೆಗೂ ದೇವರ ಮುಂದಿನ ಕಲಶಕ್ಕೂ ಏರುತ್ತಿತ್ತು. ನೀರಿಗೆ ಮೈಲಿಗೆಯಿರಲಿಲ್ಲ, ಎಲೆಗೆ ಮೈಲಿಗೆಯಿರಲಿಲ್ಲ. ಚೀಲ ಹೊಲಿದ ಕೈಗೆ ಮಾತ್ರ ಇತ್ತು. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ರಾಮನ ಮುಂದೆ ನ್ಯಾಯ ಹೇಳಿಸಿ, ಬಡವರ ಧಾನ್ಯವನ್ನು ಗೆಲ್ಲಿಸಿದ್ದರು. ಆ ಕಾವ್ಯವನ್ನು ತರಗತಿಯಲ್ಲಿ ಸೊಗಸಾಗಿ ಪಾಠ ಮಾಡುವ ನಾವು ಬಾವಿಯ ಕಟ್ಟೆಗೆ ಬಂದಾಗ ಅದನ್ನು ಮರೆಯುತ್ತಿದ್ದೆವು.

ಕಾನೂನು ಇರಲಿಲ್ಲವೆಂದಲ್ಲ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, ೧೯೨೩ರಲ್ಲಿಯೇ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂದು ಎಸ್. ಕೆ. ಬೋಲೆಯವರು ತಂದ ಠರಾವನ್ನು ಮುಂಬಯಿ ವಿಧಾನ ಪರಿಷತ್ತು ಒಪ್ಪಿತ್ತು. ಅದು ಕಾಗದದಲ್ಲಿಯೇ ಉಳಿದುದರಿಂದ ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡಿನ ಚವದಾರ ಕೆರೆಗೆ ನಡೆದು ಹೋಗಿ ನೀರು ಕುಡಿದರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿತು. ೧೯೫೫ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ನನ್ನ ಅಜ್ಜನ ತೋಟದಲ್ಲಿ ಆ ತಂಬಿಗೆ ಎತ್ತರಕ್ಕೇರಿದ್ದು ಇದೆಲ್ಲ ಆದ ಇಪ್ಪತ್ತು ವರ್ಷಗಳ ಮೇಲೆ.

ಕಪಿಲೆಯ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸು ಪ್ರಾಂತದಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರರು ಬಾವಿಯಿಂದ ನೀರೆತ್ತುವ ಬಗೆಗಳನ್ನು ಅಳೆದು ತೂಗಿ, ಎಣ್ಣೆಯ ಎಂಜಿನ್ನಿನ ಪಂಪುಗಳನ್ನು ಬಳಕೆಗೆ ತರಲು ದುಡಿದರು. ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ೧೯೬೦ರ ದಶಕದಲ್ಲಿ ಶರಾವತಿಯ ವಿದ್ಯುತ್ತು ಬಂದ ಮೇಲೆ ಹಳ್ಳಿಗಳಿಗೆ ಕಂಬಗಳು ನಡೆದವು. ಗುಂಡಿಯೊತ್ತಿದರೆ ನೀರು, ಎತ್ತು ಬೇಡ, ಮಿಣಿ ಬೇಡ, ಹೊಲಿಯುವವರೂ ಬೇಡ. ಎತ್ತಿನ ಬೆನ್ನಿಗೆ ಬಿಡುವು ಸಿಕ್ಕಿತು, ಅದಕ್ಕೆ ಸಂತೋಷಪಡಬೇಕು. ಆದರೆ ಕಪಿಲೆಯು ಬಾವಿಯ ಒರತೆಗೆ ತಕ್ಕಷ್ಟೇ ನೀರೆತ್ತುತ್ತಿತ್ತು, ಏಕೆಂದರೆ ಎತ್ತು ದಣಿಯುತ್ತಿತ್ತು. ಪಂಪು ದಣಿಯಲಿಲ್ಲ. ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು, ಅವೂ ಆಳಕ್ಕೆ ಆಳಕ್ಕೆ ಇಳಿದವು.

ಇಂದು ಹಳೆಯ ತೋಟಗಳಲ್ಲಿ ಎಲ್ಲೋ ಒಂದೆಡೆ ಇಳಿಜಾರಿನ ಗುರುತು, ಒರಗಿದ ಕಲ್ಲುಕಂಬ, ಹಗ್ಗ ಉಜ್ಜಿ ಉಜ್ಜಿ ಗೀರು ಬಿದ್ದ ಬಾವಿಯ ಅಂಚು ಉಳಿದಿರಬಹುದು. ನಮ್ಮ ಇತಿಹಾಸದ ಪುಸ್ತಕಗಳು ಸವಣೂರಿನ ನವಾಬರನ್ನು ಬಲ್ಲವು, ಹಾನಗಲ್ಲಿನ ಕದಂಬರನ್ನು ಬಲ್ಲವು, ಬಂಕಾಪುರದ ಕೋಟೆಯನ್ನು ಬಲ್ಲವು. ತೋಟದ ಒಡೆಯನ ಹೆಸರು ಖಾತೆಯ ಕಾಗದದಲ್ಲಿ ಸಿಗುತ್ತದೆ. ಚೀಲ ಹೊಲಿದವರ ಹೆಸರು ಎಲ್ಲಿಯೂ ಸಿಗುವುದಿಲ್ಲ. ಅಜ್ಜನ ಚೀಲ ಹೊಲಿದ ಹಿರಿಯರ ಹೆಸರನ್ನು ನಾನೂ ಕೇಳಿಟ್ಟುಕೊಳ್ಳಲಿಲ್ಲ. ಬಿಗಿಯಾದ ಹಗ್ಗದಲ್ಲಿ ಎರಡು ತುದಿಗೂ ಒಂದೇ ಬಿಗಿತವೆಂದು ಮಕ್ಕಳಿಗೆ ಪಾಠ ಹೇಳುವ ನಾವು ಇತಿಹಾಸ ಬರೆಯುವಾಗ ಒಂದೇ ತುದಿಯನ್ನು ನೋಡುತ್ತ ಬಂದೆವು.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಊರಿನಲ್ಲಿ ಕಪಿಲೆ ಬಾವಿಯಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿರಿ. ಕಟ್ಟೆ ಶಿಥಿಲವಾಗಿದ್ದರೆ ಅಂಚಿಗೆ ಬಿಡಬೇಡಿರಿ. ಇಳಿಜಾರಿನಲ್ಲಿ ಅವರನ್ನು ನಡೆಸಿ, ಏಳು ಹೆಜ್ಜೆಗೆ ಎಷ್ಟು ಇಳಿಯುತ್ತದೆಂದು ಅಳೆಯಿಸಿರಿ. ಆಮೇಲೆ ಊರಿನ ವಯಸ್ಸಾದವರನ್ನು ಕೇಳಿರಿ: ಈ ಬಾವಿಗೆ ಚೀಲ ಹೊಲಿಯುತ್ತಿದ್ದವರು ಯಾರು, ಅವರ ಮನೆಯವರು ಈಗ ಎಲ್ಲಿದ್ದಾರೆ? ಹೆಸರು ಸಿಕ್ಕರೆ ಒಂದು ಪುಸ್ತಕದಲ್ಲಿ ಬರೆದಿಡಿರಿ. ಅದನ್ನು ಹೇಳಬಲ್ಲವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ.